ಕಾರಿನ ಬಾಗಿಲು ಮತ್ತು ನನ್ನ ಅರ್ಧ ತಪ್ಪು

ವಾಹನ ವಿಮಾ ಕಂಪನಿಯ ಪರಿಹಾರ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ರಸ್ತೆಯ ಅಂಚು ಹಿಡಿದು ಸೈಕಲ್ ತುಳಿಯುವ ಒಬ್ಬ ಪುಸ್ತಕ ಬೈಂಡರ್ ಒಂದೇ ಕೈಯಲ್ಲಿ ಮಾಡುವ ನಮಸ್ಕಾರಗಳು. ಇನ್ನೊಂದು ಕೈ ಪ್ಲಾಸ್ಟರಿನಲ್ಲಿದೆ. ಅರ್ಧ ನಮಸ್ಕಾರದ ಅಗೌರವವನ್ನು ಮನ್ನಿಸಬೇಕು.

ಮಾನ್ಯರೇ,

ತಮ್ಮ ಮೊದಲ ತೀರ್ಮಾನಪತ್ರ ಐದು ವಾರ ಆಲೋಚಿಸಿಕೊಂಡು ನನ್ನ ಮನೆಗೆ ಬಂತು. 'ತೆರೆಯಲಿದ್ದ ಬಾಗಿಲನ್ನು ಮುಂಗಾಣುವಲ್ಲಿ ಸವಾರರು ವಿಫಲರಾದ ಕಾರಣ ಅರ್ಧ ತಪ್ಪು ಅವರದು' ಎಂಬ ಸಾಲನ್ನು ಹೆಂಡತಿಗೆ ಓದಿ ಹೇಳಿದೆ. "ನಮ್ಮನೆ ಬಾಗಿಲು ಹಾಕಿದ್ದೀನಾ ಇಲ್ವಾ ಅಂತಾನೇ ನಿಮಗೆ ನೆನಪಿರಲ್ಲ, ಇನ್ನು ಊರ ಬಾಗಿಲೆಲ್ಲ ಹೇಗೆ ಗೊತ್ತಾಗುತ್ತೆ" ಎಂದಳು. ತಮ್ಮ ತೀರ್ಮಾನವನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರು ಮನೆಯಲ್ಲೇ ಇದ್ದಾರೆಂದು ತಿಳಿದು ತಮಗೆ ಸಂತೋಷವಾಗಬಹುದು.

ನಡೆದದ್ದು ಇಷ್ಟು. ಬುಧವಾರ ಬೆಳಿಗ್ಗೆ, ಬೈಂಡ್ ಹಾಕಿದ ಎಂಟು ಕಾನೂನು ಪುಸ್ತಕಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು ವಕೀಲರೊಬ್ಬರ ಕಚೇರಿಗೆ ಹೊರಟಿದ್ದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಒಂದು ಬಿಳಿ ಕಾರು, ಫುಟ್‌ಪಾತಿನಿಂದ ಒಂದು ಮಾರು ದೂರ ಬಿಟ್ಟು ನಿಂತಿತ್ತು. ಆ ಸಂದಿಯಲ್ಲಿ ನಾನು ಹಾದುಹೋಗುವಾಗ, ಕಾರಿನ ಚಾಲಕರು ಕ್ಲಿನಿಕ್ಕಿನಿಂದ ಬರಲಿದ್ದ ತಮ್ಮ ಮನೆಯವರಿಗಾಗಿ ಪಕ್ಕದ ಸೀಟಿನ ಮೇಲೆ ಬಾಗಿ, ಫೋನಿನಲ್ಲಿ ಮಾತಾಡುತ್ತಲೇ, ಅತ್ತಲಿನ ಬಾಗಿಲನ್ನು ತಳ್ಳಿದರು. ಸೈಕಲ್ ಅಲ್ಲೇ ನಿಂತಿತು, ನಾನು ಮಾತ್ರ ಮುಂದುವರಿದು, ಫುಟ್‌ಪಾತಿನ ಮೇಲೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದ ಒಬ್ಬ ನಿವೃತ್ತ ನರ್ಸಮ್ಮನವರ ಮೇಲೆ ಬಿದ್ದೆ. ಅವರ ಕಾಲು ಉಳುಕಿತು, ನನ್ನ ಮಣಿಕಟ್ಟು ಮುರಿಯಿತು. ಕಾರಿನವರು ಇಳಿದು ಬಂದು ಮೊದಲು ಬಾಗಿಲನ್ನು ಎರಡು ಸಲ ಹಾಕಿ ತೆಗೆದು, "ಸರಿಯಾಗಿ ಕೂರ್ತಾನೇ ಇಲ್ಲ ನೋಡಿ" ಎಂದರು. ನರ್ಸಮ್ಮ ಕೂತಲ್ಲಿಂದಲೇ ತಮ್ಮ ಮಡಚಿದ ಕೊಡೆಯನ್ನು ನನ್ನ ಕೈಗೆ ಆನಿಸಿ, ಕರವಸ್ತ್ರಗಳಿಂದ ಬಿಗಿದು, "ಅಲ್ಲಾಡಿಸ್ಬೇಡಿ, ನಿಮ್ಮ ಕಸುಬಿಗೆ ಬೇಕಾದ ಕೈ ಇದು" ಎಂದರು. ನನ್ನ ಬೆರಳಿಗೆ ಮೆತ್ತಿದ್ದ ಅಂಟನ್ನು ಅವರು ಆ ನೋವಿನಲ್ಲೂ ಗಮನಿಸಿದ್ದರು.

ತಮ್ಮ ನಮೂನೆಯ ಪ್ರಶ್ನೆಗಳನ್ನು ಹೊಗಳದೆ ಮುಂದೆ ಹೋದರೆ ಕೃತಘ್ನನಾದೇನು. ಅಂಚಿನಲ್ಲಿ ಏಕೆ ಹೋಗುತ್ತಿದ್ದಿರಿ ಎಂದು ಏಳನೆಯ ಪ್ರಶ್ನೆ, ನಡುರಸ್ತೆಗೆ ಬರದಂತೆ ಎಚ್ಚರ ವಹಿಸಿದ್ದಿರಾ ಎಂದು ಎಂಟನೆಯದು. ಏಳಕ್ಕೂ ಎಂಟಕ್ಕೂ ನಡುವೆ ಒಂದು ಸೈಕಲ್ ಹೋಗುವಷ್ಟು ಜಾಗವಿದ್ದರೆ ದಯಮಾಡಿ ತಿಳಿಸಿ, ನಾಳೆಯಿಂದ ಅಲ್ಲೇ ತುಳಿಯುತ್ತೇನೆ. ನರ್ಸಮ್ಮನವರಿಗೆ, ಹಿಂದಿನಿಂದ ಬೀಳಬಹುದಾದವರ ಬಗ್ಗೆ ನಿಗಾ ಇಟ್ಟಿದ್ದಿರಾ ಎಂದು ಕೇಳಿದ್ದೀರಿ. ಪಾದಚಾರಿಗಳ ಬೆನ್ನಿಗೆ ಎರಡು ಕಣ್ಣು ಮಂಜೂರು ಮಾಡಿಸುವ ಅಧಿಕಾರ ಯಾರಿಗಿದೆಯೋ ಅವರಿಗೆ ತಾವೇ ಶಿಫಾರಸು ಮಾಡಬೇಕು. ಹಾಗೆಯೇ ಕಾರಿನ ಬಾಗಿಲುಗಳಿಗೆ, ಹಿರಿಯರ ಕೋಣೆಗೆ ಕಾಲಿಡುವವರಂತೆ, ತೆರೆಯುವ ಮುನ್ನ ಒಮ್ಮೆ ಕೆಮ್ಮುವ ಮರ್ಯಾದೆಯನ್ನು ಕಲಿಸಬೇಕು.

ಇನ್ನು ಹೇಳುವ ಮಾತು ತಮಾಷೆಯದಲ್ಲ. ಇಪ್ಪತ್ತಾರು ವರ್ಷ ಕಾನೂನಿಗೆ ರಟ್ಟು ಹಾಕಿದ್ದೇನೆಯೇ ಹೊರತು ಒಂದು ಪುಟವನ್ನೂ ಓದಿದವನಲ್ಲ; ಆದ್ದರಿಂದ ವಕೀಲರ ಗುಮಾಸ್ತನಾದ ನನ್ನ ಭಾವಮೈದುನನ ಸಲಹೆ ಕೇಳಿದೆ. "ಆಯಮ್ಮ ಫುಟ್‌ಪಾತ್ ಇಳಿದಿದ್ರು, ಅವರನ್ನ ತಪ್ಪಿಸೋಕೆ ಹೋಗಿ ಕಾರಿನ ಕಡೆ ಸರಿದೆ ಅಂತ ಬರೀರಿ ಭಾವ. ಕಾಗದಕ್ಕೇನು ಕಣ್ಣಿದೆಯಾ" ಎಂದ. ನಾನು ಬರೆದೆ. ನಿಜಕ್ಕೆ ಐದು ವಾರ ತೆಗೆದುಕೊಂಡ ತಮ್ಮ ಕಚೇರಿ ಈ ಸುಳ್ಳನ್ನು ಎರಡೇ ದಿನದಲ್ಲಿ ಒಪ್ಪಿ, ನನ್ನ ಅರ್ಧ ತಪ್ಪನ್ನು ಕಾಲು ಭಾಗಕ್ಕಿಳಿಸಿ, ಉಳಿದ ಕಾಲನ್ನು ನರ್ಸಮ್ಮನವರಿಗೆ ಹಂಚಿತು. ಉಳುಕಿದ ಕಾಲಿನ ಜೊತೆಗೆ ಅವರಿಗೆ ಇನ್ನೊಂದು ಕಾಲು ಸೇರಿತು. ಕಾರಿನವರ ಪಾಲು ಕೂದಲಷ್ಟೂ ಕದಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಬರೆಯ ಕಬ್ಬಿಣವನ್ನು ಕಾಯಿಸಿ ಕೊಟ್ಟವನು ನಾನೇ.

ಮೂರು ದಿನ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಅವರು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. "ಅಮ್ಮಾ, ಕಂಪನಿಗೆ ನಾನೊಂದು ಸುಳ್ಳು ಬರೆದಿದ್ದೀನಿ" ಎಂದು ಶುರು ಮಾಡಿದೆ. "ಗೊತ್ತು. ಅದರ ಪ್ರತಿ ನನಗೂ ಬಂತು" ಎಂದು ಟಿವಿಯ ಪಕ್ಕದಲ್ಲಿದ್ದ ಲಕೋಟೆಯತ್ತ ಗಲ್ಲ ತೋರಿಸಿದರು. "ಬೇಜಾರಾಯ್ತು. ನಲವತ್ತು ವರ್ಷ ನಡೆದ ಫುಟ್‌ಪಾತ್ ಅದು, ಒಂದಿನಾನೂ ಇಳಿದವಳಲ್ಲ." "ತಪ್ಪಾಯ್ತಮ್ಮಾ, ಕ್ಷಮಿಸಿ" ಎಂದೆ. ಅವರು ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ಕೂತ್ಕೊಳ್ಳಿ. ಎಲ್ಲಿ, ಬೆರಳು ಮಡಚಿ ನೋಡೋಣ" ಎಂದರು. ಮಡಚಿದೆ. ಕಿರುಬೆರಳು ಪೂರ್ತಿ ಬಾಗಲಿಲ್ಲ. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳನ್ನು ದಿನಾ ಹೇಗೆ ಆಡಿಸಬೇಕೆಂದು ತೋರಿಸಿಕೊಟ್ಟರು. ಬಯ್ದಿದ್ದರೆ ಹಗುರಾಗುತ್ತಿದ್ದೆ.

ಆದ್ದರಿಂದ ಮಾನ್ಯರೇ, ನನ್ನ ಪ್ರಾರ್ಥನೆ ಒಂದೇ. ಆ ಬೆಳಿಗ್ಗೆ ನರ್ಸಮ್ಮನವರು ಫುಟ್‌ಪಾತಿನ ಮೇಲೆಯೇ ಇದ್ದರು, ಅಂಚಿನಿಂದ ಎರಡು ಹೆಜ್ಜೆ ಒಳಗೆ. ಅವರ ಹೆಸರಿಗೆ ಬರೆದ ಕಾಲು ತಪ್ಪನ್ನು ಈ ಕ್ಷಣವೇ ಅಳಿಸಿ, ಅದಕ್ಕಾಗಿ ಅವರ ಕ್ಷಮೆ ಕೇಳಿ. ನಾನು ಕೇಳಿದ್ದಾಗಿದೆ, ಅದರಿಂದ ಯಾರ ಎಲುಬೂ ಮುರಿಯುವುದಿಲ್ಲ. ಸುಳ್ಳು ಬರೆದ ತಪ್ಪು ಇಡಿಯಾಗಿ ನನ್ನದು, ಅದರಲ್ಲಿ ಯಾರಿಗೂ ಪಾಲು ಕೊಡಲಾರೆ. ಬಾಗಿಲಿನ ತಪ್ಪನ್ನು ಮಾತ್ರ, ಅದನ್ನು ತೆರೆದವರಿಗೇ ತಲುಪಿಸುವ ಕೃಪೆ ಮಾಡಬೇಕು.

ಇಂತು, ಬೆರಳು ಮಡಚಲು ಮತ್ತೆ ಕಲಿಯುತ್ತಿರುವ
ತಮ್ಮ ವಿಶ್ವಾಸಿ,
ಪುಸ್ತಕ ಬೈಂಡರ್

ತಾ.ಕ.: ಈ ಪತ್ರವನ್ನು ಖುದ್ದಾಗಿ ಕೊಡಲು ನಿನ್ನೆ ನಡೆದುಕೊಂಡೇ ತಮ್ಮ ಕಚೇರಿಗೆ ಬಂದಿದ್ದೆ; ಈ ಸಾಲುಗಳನ್ನು ಸೇರಿಸಲೆಂದು ಹಾಗೇ ಮರಳಿ ತಂದೆ. ಕಚೇರಿಯ ಮುಂದಿನ ಫುಟ್‌ಪಾತನ್ನು ಪೂರ್ತಿ ಆವರಿಸಿಕೊಂಡು ಒಂದು ಕಾರು ನಿಂತಿದ್ದರಿಂದ, ಬಸ್ಸುಗಳ ನಡುವೆ ರಸ್ತೆಗಿಳಿದು ಸುತ್ತಿ ಬರಬೇಕಾಯಿತು. ಕಾರು ಯಾರದೆಂದು ಕಾವಲುಗಾರರನ್ನು ಕೇಳಿದೆ. ಅವರು ಬಹಳ ಗೌರವದಿಂದ, "ಪರಿಹಾರ ವಿಭಾಗದ ಮುಖ್ಯಸ್ಥರದು" ಎಂದರು.