ಮಾನಿಟರಿನೊಳಗೂ ಮಂಜು

ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರು ನಗೋದಕ್ಕೆ ಅಂತ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ನಗು ತಾನಾಗೇ ಫೋನ್ ಮಾಡುತ್ತೆ, ಅಡ್ರೆಸ್ ಹೇಳುತ್ತೆ, ಬೇಗ ಬನ್ನಿ ಅಂತ ಅವಸರನೂ ಮಾಡುತ್ತೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಮ್ಮ ಕಡೆ ಆಗಷ್ಟೇ ಲ್ಯಾಪ್‌ಟಾಪ್ ಬರೋಕೆ ಶುರುವಾಗಿತ್ತು. ಅದರ ಪರದೆ ಚಿಕ್ಕದಾಯ್ತು ಅಂತ ಜನ ಒಂದು ದೊಡ್ಡ ಮಾನಿಟರ್ ತಂದು ಪಕ್ಕದಲ್ಲಿಟ್ಟು, ನೀಲಿ ತಲೆಯ ಕೇಬಲ್ ಸಿಕ್ಕಿಸೋರು. ಸಿಕ್ಕಿಸಿದ ಮೇಲೆ ಅಕ್ಷರ ಸರಿಯಾಗಿ ಕಾಣಲ್ಲ ಅಂತ ನನಗೆ ಫೋನ್ ಮಾಡೋರು. ನಾನು ಸ್ಕೂಟಿ ಹತ್ತಿಕೊಂಡು ಹೋದರೆ, ಬಾಗಿಲಲ್ಲಿ ನಿಂತವರು ನನ್ನ ಬೆನ್ನ ಹಿಂದೆ ಇಣುಕಿ, "ರಿಪೇರಿಯವ್ರು ಎಲ್ಲಮ್ಮ?" ಅನ್ನೋರು.

"ನಾನೇ."

"ಓ..." ಅಂದು ಮತ್ತೊಂದು ಸಲ ಇಣುಕೋರು.

ತೂತು

ಒಂದು ಬೆಳಗ್ಗೆ ಮಾರನಹಳ್ಳಿಯಿಂದ ಫೋನು. "ಮೇಡಮ್, ಸಿಕ್ಕಾಪಟ್ಟೆ ಮಂಜು. ಒಂದಕ್ಷರನೂ ಕಾಣಾಕಿಲ್ಲ."

ಯಾರೋ ಘಾಟಿ ರಸ್ತೆಯಲ್ಲಿ ಬೋರ್ಡ್ ಓದೋಕಾಗದೆ ಸಿಕ್ಕಿಹಾಕಿಕೊಂಡಿದ್ದಾರೆ ಅಂದುಕೊಂಡೆ. "ಲೈಟ್ ಹಾಕ್ಕೊಂಡು ನಿಧಾನಕ್ಕೆ ಬನ್ನಿ," ಅಂದೆ.

"ನಾನ್ಯಾಕೆ ಬರ್ಲಿ? ನೀವು ಬನ್ನಿ. ಮಂಜು ಇರೋದು ಕಂಪ್ಯೂಟರ್‌ನಾಗೆ."

ಹೆದ್ದಾರಿ ಪಕ್ಕದ ಹೋಟೆಲು. ಗಂಡ ಗಲ್ಲಾದಲ್ಲಿ, ಹೆಂಡತಿ ಅಡುಗೆಮನೆಯಲ್ಲಿ. ಗಲ್ಲಾದಲ್ಲಿ ಲ್ಯಾಪ್‌ಟಾಪ್ ಇಟ್ಟು, ಮಾನಿಟರನ್ನು ಅಡುಗೆಮನೆಯ ಹಿಟ್ಟಿನ ಡಬ್ಬದ ಮೇಲೆ ಕೂರಿಸಿದ್ದರು. ಗಿರಾಕಿ ಹೇಳಿದ್ದನ್ನು ಈತ ಇಲ್ಲಿ ಒತ್ತಿದರೆ ಆಕೆಗೆ ಅಲ್ಲಿ ಕಾಣಬೇಕು. ಸಕಲೇಶಪುರ ಪೇಟೆಯಲ್ಲೂ ಯಾರೂ ಮಾಡದ ಏರ್ಪಾಟು. ಬಾಳ ಮುಂದುವರಿದ ಮನುಷ್ಯ ಅಂದುಕೊಂಡೆ.

ಅಡುಗೆಮನೆಗೆ ಹೋಗಿ ನೋಡಿದರೆ ಪ್ರತಿ ಅಕ್ಷರದ ಪಕ್ಕದಲ್ಲೂ ಅದರದ್ದೇ ಒಂದು ನೆರಳು ನಿಂತಿತ್ತು. ಕೇಬಲ್ ಹಿಡಿದು ಹೊರಟೆ. ಅದು ಅಟ್ಟ ಹತ್ತಿ, ಹೊಗೆಗೂಡು ಬಳಸಿ, ಊಟದ ಕೋಣೆಯನ್ನು ಸುತ್ತು ಹಾಕಿ ಗಲ್ಲಾ ಸೇರಿತ್ತು. ನಡುವೆ ಎರಡು ಕೇಬಲ್ ಕತ್ತರಿಸಿ, ತಂತಿ ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಅಷ್ಟು ದೂರ, ಅಂಥಾ ಗಂಟು ದಾಟಿ ಬಂದ ಅಕ್ಷರಕ್ಕೆ ನೆರಳು ಬೀಳದೆ ಇರುತ್ತಾ?

ಹೆಂಡತಿ ಒಂದು ಬುಟ್ಟಿ ತೋರಿಸಿದರು. ತುಂಬಾ ನೀರುದೋಸೆ.

"ಒಂದು ದೋಸೆ ಅಂತ ಒತ್ತವ್ರೆ. ನಂಗೆ ಹನ್ನೊಂದು ಅಂತ ಕಾಣ್ತು. ಹುಯ್ದೆ."

"ಅಲ್ಲ ಅಕ್ಕ, ಅನುಮಾನ ಬಂದಾಗ ಒಂದು ಮಾತು ಕೇಳಬಾರದಾ?"

"ಅವ್ರ ಜೊತೆ ಮಾತು ಬುಟ್ಟಿದ್ದೀನಿ ಕಣಮ್ಮ," ಅಂದರು ಆಕೆ, ಕಾವಲಿ ಕಡೆ ತಿರುಗಿ. "ನನ್ ತಮ್ಮನ ಮನೆ ಒಕ್ಕಲಿಗೆ ಕರ್ಕೊಂಡೋಗ್ತೀನಿ ಅಂತ ಸೀರೆ ಉಡ್ಸಿ ಕೂರ್ಸಿದ್ರು. ಎರಡು ಬಸ್ ಜನ ಊಟಕ್ಕೆ ಬಂದ್ರು ಅಂತ ಹೋಟ್ಲು ಬಾಗ್ಲು ತೆಗೆದುಬುಟ್ರು. ಆವತ್ನಿಂದ ಮಾತಿಲ್ಲ. ಅದುಕ್ಕೆ ಈ ಟೀವಿ ತಂದು ಮಡಗವ್ರೆ."

ಮುಂದುವರಿದ ಮನುಷ್ಯನ ಗುಟ್ಟು ಅಷ್ಟೇ.

ಗಲ್ಲಾಕ್ಕೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರಲ್ಲಿ ಒಂದು ತೂತು ಹೊಡೆಸಿದರೆ ಮೊಳದುದ್ದದ ಕೇಬಲ್ ಸಾಕು, ಅಕ್ಷರ ನೆಟ್ಟಗೆ ಕಾಣುತ್ತೆ ಅಂದೆ. ಆತ ಆವತ್ತೇ ಗಾರೆಯವನನ್ನು ಕರೆಸಿದರು. ನಾನು ಹೊಸ ಕೇಬಲ್ ತೂರಿಸಿ, ಒಂದು ಒಂದಾಗಿಯೇ ಕಾಣೋದನ್ನು ಇಬ್ಬರಿಗೂ ತೋರಿಸಿ ಬಂದೆ.

ಸ್ವಲ್ಪ ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಕಾಫಿಗೆ ನಿಂತೆ. ತೂತು ಕಿಟಕಿಯಷ್ಟು ದೊಡ್ಡದಾಗಿತ್ತು. ಅದರೊಳಗಿಂದ ಬಳೆ ಹಾಕಿದ ಕೈಯೊಂದು ಲೋಟ ನೀಡಿತು. "ಸುಮ್ಕೆ ಕೂತು ಏನು ನೋಡ್ತಿದ್ದೀರಿ, ತಗೊಳ್ಳಿ ಬಿಸಿ ಐತೆ," ಅಂತ ದನಿಯೂ ಬಂತು. ಈತ ನಕ್ಕೊಂಡು ಲೋಟ ತಗೊಂಡರು. ಮಾನಿಟರ್ ಮೂಲೆಯಲ್ಲಿ ಟವೆಲ್ ಹೊದ್ದು ಮಲಗಿತ್ತು.

"ಮಾನಿಟರ್ ಸರಿಯಾಗಿದೆಯಾ?" ಅಂದೆ.

"ಅದ್ನ ಯಾರು ನೋಡ್ದೋರು ಮೇಡಮ್," ಅಂದರು ಆತ. "ಆದ್ರೆ ನೀವು ಹೇಳಿದ್ರಲ್ಲ, ಆ ತೂತು. ಅದು ಮಾತ್ರ ಬಾಳ ಕ್ಲಿಯರ್ ಐತೆ."

ಹೊಸತನ

ದೋಣಿಗಲ್ ಹತ್ತಿರದ ಎಸ್ಟೇಟ್ ಒಂದರ ಯಜಮಾನರು ಹೊಸ ವಸ್ತುವನ್ನು ಪ್ರಾಣಕ್ಕಿಂತ ಹೆಚ್ಚು ಜೋಪಾನ ಮಾಡೋರು. ಅವರ ಜೀಪಿನ ಸೀಟಿನ ಪ್ಲಾಸ್ಟಿಕ್ ಹಾಗೇ ಇತ್ತು. ಸೋಫಾದ್ದೂ ಹಾಗೇ ಇತ್ತು, ಕೂತರೆ ಪರಪರ ಅಂತಿತ್ತು. ರಿಮೋಟು, ಟೆಲಿಫೋನು, ಗೋಡೆ ಗಡಿಯಾರ ಎಲ್ಲಕ್ಕೂ ಕವರು.

"ನೋಡಮ್ಮ, ಲ್ಯಾಪ್‌ಟಾಪಲ್ಲಿ ಕನ್ನಡಿ ಹಂಗೆ ಕಾಣುತ್ತೆ. ಈ ದೊಡ್ಡದರಲ್ಲಿ ಹಾಲು ಕದಡಿದಂಗೆ. ಅಂಗಡಿಯವನು ಮೋಸ ಮಾಡಿಬಿಟ್ಟ," ಅಂದರು.

ನಾನು ಹತ್ತಿರ ಹೋಗಿ, ಪರದೆಯ ಮೂಲೆಯಲ್ಲಿ ಉಗುರು ಸಿಕ್ಕಿಸಿ, ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸರ್ ಅಂತ ಎಳೆದೆ.

ಯಜಮಾನರು ಎದೆ ಹಿಡಿದುಕೊಂಡರು. "ಅಯ್ಯಯ್ಯೋ! ತೆಗೆದೇಬಿಟ್ಟೆಯಾ? ಹೊಸತನ ಹೋಯ್ತಲ್ಲಮ್ಮ!"

ಅಕ್ಷರ ನೋಡಿದ ಮೇಲೆ ಸಮಾಧಾನವಾಯ್ತು. ಕಾಫಿ, ಕೋಡುಬಳೆ ಕೊಡಿಸಿದರು. ಆ ಹಾಳೆಯನ್ನು ಮಾತ್ರ ಮಡಿಸಿ ಬೀರುವಿನಲ್ಲಿ ಇಟ್ಟುಕೊಂಡರು.

ಆ ವರ್ಷ ಕಾಫಿಯ ರೇಟು ಪಾತಾಳ ಕಂಡಿತ್ತು. ಮಾರನೇ ದಿನ ಬೆಳಗ್ಗೆ ಅವರ ಫೋನು. "ಕಂಪ್ಯೂಟರಲ್ಲಿ ಇವತ್ತಿನ ರೇಟು ನೋಡಿದೆ ಕಣಮ್ಮ. ಬಾಳ ಸ್ಪಷ್ಟವಾಗಿ ಕಾಣ್ತಾ ಇದೆ."

"ಸಂತೋಷ ಸರ್."

"ಸಂತೋಷ ಅಲ್ಲಮ್ಮ. ಹಾಳೆ ಇನ್ನೂ ಇಟ್ಟಿದ್ದೀನಿ. ವಾಪಸ್ ಅಂಟಿಸೋಕಾಗುತ್ತಾ?"

ತಲೆಕಟ್ಟು

ಇದು ನನ್ನ ಪ್ರೈಮರಿ ಶಾಲೆಯ ಮೇಷ್ಟ್ರ ವಿಷಯ. ಕೋಳಿ ಕೆದಕಿದ ಹಾಗಿದ್ದ ನನ್ನ ಅಕ್ಷರ ನೋಡಿ ನಿಟ್ಟುಸಿರು ಬಿಡುತ್ತಿದ್ದವರು. "ಅಕ್ಷರಕ್ಕೆ ತಲೆಕಟ್ಟು ಹಾಕೇ ತಾಯಿ, ತಲೆ ಇಲ್ಲದ ಅಕ್ಷರ ಓದಿ ನನ್ನ ತಲೆ ಹೋಗ್ತಾ ಇದೆ," ಅನ್ನೋರು. ಹೊಡೆದವರಲ್ಲ. ಆ ನಿಟ್ಟುಸಿರಿಗೇ ನಾವು ಹೆದರುತ್ತಿದ್ದೆವು.

ನಿವೃತ್ತಿ ಆಗಿ ಎಷ್ಟೋ ವರ್ಷವಾದ ಮೇಲೆ ಅವರಿಗೆ ಕಂಪ್ಯೂಟರ್ ಹುಚ್ಚು ಹತ್ತಿತು. ಮಕ್ಕಳಿಗೆ ಕಟ್ಟಿ ಹೇಳುತ್ತಿದ್ದ ಕತೆಗಳನ್ನೆಲ್ಲ ಕೀಲಿಮಣೆಯಲ್ಲಿ ಕುಟ್ಟಿಡಬೇಕು ಅಂತ ಲ್ಯಾಪ್‌ಟಾಪ್ ತಗೊಂಡರು. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಯ್ತು. ಆಮೇಲೆ ಕಣ್ಣಿಗೆ ಆಯಾಸ ಆಗದಿರಲಿ ಅಂತ ಅವರ ಹೆಂಡತಿಯೇ ಹಠ ಮಾಡಿ ದೊಡ್ಡ ಮಾನಿಟರ್ ಕೊಡಿಸಿದ್ದರು.

ಫೋನ್ ಮಾಡಿದ್ದೂ ಅವರೇ. "ಮೇಷ್ಟ್ರು ಈಗೀಗ ಕಂಪ್ಯೂಟರ್ ಮುಂದೆ ಕೂರ್ತಾರೆ, ಹಂಗೇ ಎದ್ದು ಹೋಗ್ತಾರೆ. ಏನೂ ಬರೆಯಲ್ಲ. ಪೇಪರ್ ಕೊಟ್ರೂ ಬಿಡಿಸಿ ನೋಡಲ್ಲ. ಕೇಳಿದ್ರೆ, ಎಲ್ಲ ಚೆನ್ನಾಗಿದೆ ಅಂತಾರೆ. ಒಂದ್ಸಲ ಬಂದು ಹೋಗೇ."

ಹೋದೆ. ಅಮ್ಮಾವ್ರು ಕಾಫಿಗೆ ಅಂತ ಒಳಗೆ ಹೋದ ತಕ್ಷಣ ಮೇಷ್ಟ್ರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ನೀನೇನೂ ರಿಪೇರಿ ಮಾಡಬೇಡ. ಕಂಪ್ಯೂಟರ್ ಚೆನ್ನಾಗೇ ಇದೆ. ಕೆಟ್ಟಿರೋದು ನನ್ನ ಕಣ್ಣು. ಆಪರೇಷನ್ ಫಲ ಕೊಡಲಿಲ್ಲ. ಅವಳು ಬಳೆ ಅಡ ಇಟ್ಟು ಮಾಡಿಸಿದ್ದು, ಹೇಳಿದ್ರೆ ನೊಂದ್ಕೊತಾಳೆ. ನೀನು ಸುಮ್ಮನೆ ಏನೋ ಒತ್ತಿದ ಹಾಗೆ ಮಾಡಿ, ಸರಿಯಾಯ್ತು ಅಂತ ಹೇಳಿ ಹೋಗು."

ನಾನು ಪರದೆ ನೋಡಿದೆ. ನನಗೂ ಮಸುಕಾಗಿಯೇ ಕಾಣುತ್ತಿತ್ತು! ಲ್ಯಾಪ್‌ಟಾಪು ತನ್ನ ಪುಟ್ಟ ಪರದೆಯ ಅಳತೆಯನ್ನೇ ಆ ದೊಡ್ಡ ಪರದೆಯ ಮೇಲೆ ಎಳೆದು ಹಾಸಿತ್ತು. ಮಗುವಿನ ಅಂಗಿಯನ್ನು ಅಪ್ಪನಿಗೆ ಎಳೆದು ತೊಡಿಸಿದರೆ ಹೂವಿನ ಚಿತ್ರವೆಲ್ಲ ಸೊಟ್ಟಗಾಗೋ ಹಾಗೆ, ಅಕ್ಷರಗಳೆಲ್ಲ ಕಲಸಿ ಹೋಗಿದ್ದವು. ಮಾನಿಟರಿನ ಅಳತೆಗೆ ಸರಿಯಾಗಿ ಬದಲಾಯಿಸಿದೆ. ಅಕ್ಷರ ಚೂಪಾಯ್ತು, ಆದರೆ ಸಣ್ಣಗಾಯ್ತು. ಅದನ್ನು ದಪ್ಪ ಮಾಡಿದೆ. ಅವರು ಕುಟ್ಟಿ ನಿಲ್ಲಿಸಿದ್ದ ಕತೆಯನ್ನೇ ತೆರೆದು, "ಓದಿ ಸರ್," ಅಂದೆ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಒಂದು ಸಾಲು ಓದಿದರು. ಇನ್ನೊಂದು ಸಾಲು ಓದಿದರು. ಆಮೇಲೆ ಓದೋದನ್ನು ಬಿಟ್ಟು, ಕಾಫಿ ಲೋಟ ಹಿಡಿದು ಬಂದ ಹೆಂಡತಿಯ ಮುಖವನ್ನೇ ನೋಡುತ್ತಾ ಕೂತರು.

"ಏನ್ರೀ ಹಂಗೆ ನೋಡ್ತಾ ಇದ್ದೀರಿ?"

"ಏನಿಲ್ಲ ಕಣೇ. ಚೆನ್ನಾಗಿ ಕಾಣ್ತಿದ್ದೀಯ."

ಅಮ್ಮಾವ್ರು ನಾಚಿ ಕಾಫಿಯನ್ನು ನನ್ನ ಚೀಲದ ಮೇಲೆ ಚೆಲ್ಲಿಬಿಟ್ಟರು.

ಹೊರಡುವಾಗ ಕೇಳಿದೆ, "ಸರ್, ಈಗಲಾದರೂ ನನ್ನ ಅಕ್ಷರ ಚೆನ್ನಾಗಾಯ್ತಾ? ಎಷ್ಟು ಮಾರ್ಕ್ಸ್ ಕೊಡ್ತೀರಿ?"

ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಪರೀಕ್ಷೆ ಮಾಡಿದರು. "ಹತ್ತಕ್ಕೆ ಒಂಬತ್ತು."

"ಇನ್ನೊಂದು?"

"ಎಂಟನೇ ಸಾಲು ನೋಡು. ತಲೆಕಟ್ಟು ಇನ್ನೂ ಸ್ವಲ್ಪ ಮಸುಕು."

ಮರ

ಆಲೂರಿನ ಒಂದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಎಲ್ಲ ಅಲ್ಲೇ. ಮಾಲೀಕರೇ ಕುಟ್ಟೋರು, ಅವರೇ ಛಾಪಿಸೋರು. ತೀರಾ ಸಾಧು ಮನುಷ್ಯ. ಅವರ ಮಾನಿಟರ್ ಮಸುಕಾಗಿ ವಾರಗಳೇ ಕಳೆದಿದ್ದರೂ, ಕಾರ್ಡಿನ ಸೀಜನ್ ಮುಗೀಲಿ ಅಂತ ಹಂಗೇ ತಳ್ಳುತ್ತಿದ್ದರು.

ಕೊನೆಗೊಂದು ದಿನ ಅಳುವ ದನಿಯಲ್ಲಿ ಫೋನ್ ಮಾಡಿದರು. ನಾನು ಹೋಗೋ ಹೊತ್ತಿಗೆ ಪ್ರೆಸ್ಸಿನ ಒಳಗೆ ರಾದ್ಧಾಂತ. ಪಾಳ್ಯದ ಕಡೆಯ ರೈತರೊಬ್ಬರು ಮಗಳ ಮದುವೆ ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಕೂಗಾಡುತ್ತಿದ್ದರು. ಪಕ್ಕದಲ್ಲಿ ಮಗಳು ತಲೆ ತಗ್ಗಿಸಿ ನಿಂತಿದ್ದಳು.

"ಕಣ್ಣು ಎಲ್ಲಿ ಮಡಗಿದ್ರಿ ಮಾರಾಯ್ರೆ? ನಮ್ಮ ಬೀಗ್ರು ಏನಂದ್ಕೊಂಡಾರು? ಅರ್ಧ ಊರಿಗೆ ಹಂಚಿ ಬುಟ್ಟಿದ್ದೀನಲ್ರೀ!"

ನಾನು ಒಂದು ಕಾರ್ಡ್ ತೆಗೆದು ನೋಡಿದೆ. ಒಳ್ಳೆ ಅರಿಶಿನ ಬಣ್ಣ. ಮೇಲೆ ಗಣಪತಿ. ಎಡಗಡೆ 'ವಧು' ಅಂತಿತ್ತು, ಕೆಳಗೆ ಹುಡುಗಿಯ ಹೆಸರು. ಬಲಗಡೆ 'ಮರ' ಅಂತಿತ್ತು, ಕೆಳಗೆ ಹುಡುಗನ ಹೆಸರು. ಅದರ ಕೆಳಗೆ, 'ಮರನ ತಂದೆ ತಾಯಿ'. ಇನ್ನೂ ಕೆಳಗೆ, 'ಮರನ ಕಡೆಯಿಂದ ತಮ್ಮ ಆಗಮನವನ್ನು ಬಯಸುವವರು'.

'ವ'ಕ್ಕೂ 'ಮ'ಕ್ಕೂ ಇರೋದು ಪಕ್ಕದ ಒಂದು ಕೊಂಡಿಯ ವ್ಯತ್ಯಾಸ. ಆ ಮಾನಿಟರಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ನಾನು ನಗು ನುಂಗಿಕೊಂಡು ಕೇಬಲ್ ಕಡೆ ಬಗ್ಗಿದೆ. ಕೇಬಲ್ಲಿನ ಸ್ಕ್ರೂ ಸಡಿಲವಾಗಿ ಒಂದು ಪಕ್ಕ ಜೋತುಬಿದ್ದಿತ್ತು. ಅದನ್ನು ಬಿಗಿ ಮಾಡಿ, ಮಾನಿಟರಿನ ಆಟೋ ಬಟನ್ ಒತ್ತಿದೆ. ಪರದೆ ಒಂದು ಸಲ ನಡುಗಿ ನಿಂತಿತು. 'ಮರ' ಅನ್ನೋದು ಈಗ ಲಕಲಕ ಹೊಳೆಯುತ್ತಿತ್ತು.

ಅದನ್ನು ನೋಡಿ ಪ್ರೆಸ್ಸಿನವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಎಲ್ಲಾನೂ ಹೊಸದಾಗಿ ಹಾಕ್ಕೊಡ್ತೀನಿ ಗೌಡ್ರೆ."

"ಹಂಚಿರೋದನ್ನ ಎಲ್ಲೆಲ್ಲಿ ಹುಡುಕ್ಲಿ? ಬೇಕಂತಲೇ ಅವಮಾನ ಮಾಡವ್ರೆ ಅಂತ ಹುಡುಗನ ಕಡೆಯೋರು ತಿರುಗಿ ಬಿದ್ರೆ?" ಗೌಡರ ದನಿಯಲ್ಲಿ ಈಗ ಕೋಪಕ್ಕಿಂತ ಹೆದರಿಕೆಯೇ ಜಾಸ್ತಿ ಇತ್ತು. "ಫೋನ್ ಮಾಡಿ ಹುಡುಗನ್ನೇ ಬರಕ್ಕೆ ಹೇಳಿದ್ದೀನಿ. ಬೇರೆಯೋರ ಬಾಯಿಂದ ಕೇಳೋದ್ಕಿಂತ ನಾನೇ ಕೈ ಮುಗಿದು ಹೇಳ್ಬುಡ್ತೀನಿ."

ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ಬಾಗಿಲು ಬಗ್ಗಿ ದಾಟಬೇಕಾದಷ್ಟು ಎತ್ತರದ ಹುಡುಗ. ಒಳಗೆ ಬಂದವನು ಯಾರ ಮುಖವನ್ನೂ ನೋಡದೆ ಬಾಗಿಲ ಪಕ್ಕ ನಿಂತ. ಗೌಡರು ಕಾರ್ಡ್ ಕೊಟ್ಟರು. ಅವನು ಓದಿದ. ತಿರುಗಿಸಿ ನೋಡಿದ. ಮತ್ತೆ ಓದಿದ.

"ಅಳೀಂದ್ರೆ, ತಪ್ಪು ತಿಳ್ಕೋಬ್ಯಾಡಿ," ಅಂದರು ಗೌಡರು. ಪ್ರೆಸ್ಸಿನವರು ಎದ್ದು ನಿಂತು ಕೈ ಮುಗಿದರು. ಅವನು ಕಾರ್ಡ್ ಹಿಡಿದು ನಿಂತಲ್ಲೇ ನಿಂತಿದ್ದ. ನಾನೂ ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಆಗ, ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತಿದ್ದ ಹುಡುಗಿ, ತಲೆ ಎತ್ತದೆಯೇ ಅಪ್ಪನಿಗೆ ಹೇಳಿದಳು:

"ಬುಡಪ್ಪ, ಕಾರ್ಡು ಸರಿಯಾಗೇ ಐತೆ. ಹೆಣ್ಣು ನೋಡಕ್ಕೆ ಬಂದಾಗ್ಲೂ ಹಿಂಗೇ ನಿಂತಿದ್ರು."

ಗೌಡರ ಮುಖ ಬಿಳಿಚಿಕೊಂಡಿತು. "ಲೇ, ಸುಮ್ನಿರೇ!"

ಹುಡುಗ ನಿಧಾನಕ್ಕೆ ಕಾರ್ಡಿನಿಂದ ಕಣ್ಣೆತ್ತಿದ. ಅವಳನ್ನು ನೋಡಿದ. ಕಿವಿ ಕೆಂಪಾಯ್ತು. ಗಂಟಲು ಸರಿಮಾಡಿಕೊಂಡ.

"ಹಂಗಾದ್ರೆ ದಿನಾ ನೀರು ಹಾಕಬೇಕಾಗ್ತದೆ," ಅಂದ. "ಹಾಕ್ತೀರಾ?"

ಹುಡುಗಿ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು.

"ನೀರೂ ಹಾಕ್ತೀನಿ, ಗೊಬ್ಬರನೂ ಹಾಕ್ತೀನಿ," ಅಂದಳು. "ಕೊಂಬೆ ಜಾಸ್ತಿ ಆಡ್ಸಿದ್ರೆ ಕತ್ತಿ ತಗೊಂಡು ಕಡ್ದು ಮರಗಸಿನೂ ಮಾಡ್ತೀನಿ."