ವಾಗ್ದಾನಕ್ಕೆ ನಕ್ಷತ್ರ ಹಾಕುವ ಅತ್ತೆ

ದೇವರು ಕೊಟ್ಟ ಮಾತಿಗೆ ತಿದ್ದುಪಡಿ ತರುವ ಅಧಿಕಾರ ಇಡೀ ರಾಮನಗರದಲ್ಲಿ ಒಬ್ಬರಿಗೇ ಇತ್ತು. ಅವರು ನನ್ನ ಸೋದರತ್ತೆ. ಈ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು ಎಂದು ನೀವು ಕೇಳಬಹುದು. ನಮ್ಮ ಚರ್ಚಿನ ಸಭೆಯ ಪಾಸ್ಟರೂ ಒಮ್ಮೆ ಕೇಳಿದ್ದರು. ಎರಡನೆಯ ಸಲ ಕೇಳಲಿಲ್ಲ.

ತಿದ್ದುಪಡಿ ಎಂಬ ಮಾತನ್ನು ಅತ್ತೆ ಒಪ್ಪುತ್ತಿರಲಿಲ್ಲ. "ನಾನೇನ್ ತಿದ್ದಿದೆ? ಅವರು ಅರ್ಧ ಅಚ್ಚು ಹಾಕವ್ರೆ, ಮಿಕ್ಕರ್ಧ ನಾನು ಬರ್ದೆ" ಎನ್ನುತ್ತಿದ್ದರು.

ವಿಷಯ ಇಷ್ಟು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ವಾಗ್ದಾನದ ಕಾರ್ಡು ಎತ್ತುವ ಪದ್ಧತಿಯಿದೆ. ತಟ್ಟೆಯಲ್ಲಿ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಬ್ಬೊಬ್ಬರೂ ಹೋಗಿ ಒಂದೊಂದನ್ನು ಎತ್ತಬೇಕು. ಹಿಂಬದಿಯಲ್ಲಿ ಯಾವುದೋ ದೇಶದ ಹಿಮದ ಬೆಟ್ಟ, ಮುಂಬದಿಯಲ್ಲಿ ವೇದಪುಸ್ತಕದಿಂದ, ಅಂದರೆ ಬೈಬಲಿನಿಂದ, ಆರಿಸಿದ ದೇವರ ಒಂದು ಮಾತು. ಎತ್ತರಕ್ಕೇರಿಸುವ ಮಾತು, ಕಣಜ ತುಂಬಿಸುವ ಮಾತು, ಶತ್ರುವನ್ನು ಓಡಿಸುವ ಮಾತು. ಬಂದದ್ದು ಆ ವರ್ಷ ಪೂರ್ತಿ ಅವರ ಪಾಲಿನದು. ಜನ ಅದನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬರುತ್ತಾರೆ. ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಅತ್ತೆ ಪೆನ್ಸಿಲ್ ಹಿಡಿದು ನಿಂತಿರುತ್ತಿದ್ದರು.

"ಎಲ್ಲಿ, ತೋರ್ಸು."

ತೋರಿಸದೆ ಉಪಾಯವುಂಟೆ? ಅರ್ಧ ಸಭೆ ಚಿಕ್ಕಂದಿನಲ್ಲಿ ಅವರ ಸಂಡೇ ಸ್ಕೂಲಿನಲ್ಲಿ ಕಿವಿ ಹಿಂಡಿಸಿಕೊಂಡದ್ದೇ. ಅತ್ತೆ ಕಾರ್ಡು ಓದಿ, ವಾಕ್ಯದ ತುದಿಗೆ ಒಂದು ಪುಟ್ಟ ನಕ್ಷತ್ರ ಹಾಕುತ್ತಿದ್ದರು. ಕೆಳಗೆ ಇನ್ನೊಂದು ನಕ್ಷತ್ರ ಹಾಕಿ, ಕಾರ್ಡಿನವರು ಬಿಟ್ಟಿದ್ದ ಮಿಕ್ಕರ್ಧವನ್ನು ಇರುವೆ ಗಾತ್ರದ ಅಕ್ಷರದಲ್ಲಿ, 'ಆಜ್ಞೆಗಳನ್ನೆಲ್ಲ ಪಾಲಿಸಿದರೆ' ಎಂದೋ 'ತಂದೆತಾಯಿಯ ಮಾತು ಕೇಳಿದರೆ' ಎಂದೋ ಬರೆದು ಹಿಂದಿರುಗಿಸುತ್ತಿದ್ದರು. ನಕ್ಷತ್ರದ ವಿದ್ಯೆ ಅವರಿಗೆ ಬಂದದ್ದು ಮೈಸೂರು ರಸ್ತೆಯ ಹೋರ್ಡಿಂಗುಗಳಿಂದ. ಆಗ ರಸ್ತೆಯ ಎರಡೂ ಕಡೆ ಮೊಬೈಲು, ಬಡಾವಣೆ, ಬೈಕುಗಳು ಆಕಾಶದಷ್ಟು ಆಸೆ ತೋರಿಸಿ, ಮೂಲೆಯಲ್ಲಿ ನಕ್ಷತ್ರ ಹಾಕಿ 'ಷರತ್ತುಗಳು ಅನ್ವಯಿಸುತ್ತವೆ' ಎನ್ನುತ್ತಿದ್ದವು. "ನೋಡು, ಮೊಬೈಲ್‌ನೋರಿಗಿರೋ ನಿಯತ್ತು ಕಾರ್ಡ್ ಮಾಡೋರಿಗಿಲ್ಲ" ಎಂಬುದು ಅತ್ತೆಯ ದೂರು.

ಸಭೆಯಲ್ಲಿ ಗೊಣಗಾಟ ಹೆಚ್ಚಿತು. ವರ್ಷದ ಮೊದಲ ದಿನವೇ ಆಶೀರ್ವಾದಕ್ಕೆ ಷರತ್ತು ಬಿದ್ದರೆ ಯಾರಿಗೆ ತಾನೆ ಖುಷಿ? ಹೆಂಗಸರು ಕಾರ್ಡನ್ನು ಕೀರ್ತನೆ ಪುಸ್ತಕದೊಳಗೆ ಅಡಗಿಸಿದರು. ಪಾಸ್ಟರು ಬುದ್ಧಿವಂತರು. ಮುಂದಿನ ವರ್ಷ ಕಾರ್ಡುಗಳನ್ನೆಲ್ಲ ಲ್ಯಾಮಿನೇಷನ್ ಮಾಡಿಸಿದರು. ಪೆನ್ಸಿಲ್ ಜಾರಿತು. ಅತ್ತೆ ಬ್ಯಾಗಿನಿಂದ ಸೀಡಿಗಳ ಮೇಲೆ ಬರೆಯುವ ಅಳಿಸಲಾಗದ ಮಾರ್ಕರನ್ನು ತೆಗೆದರು.

ಇಂಥ ಅತ್ತೆಗೆ ದೇವರು ಎಂಥ ಗಂಡನನ್ನು ಕೊಟ್ಟಿರಬೇಕು? ಮಾವ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿನ ಹರಾಜಿನ ಗದ್ದಲದಲ್ಲಿ ಮೂವತ್ತು ವರ್ಷ ನಿಂತಿದ್ದವರಿಗೆ ಚರ್ಚಿನ ಪ್ರಸಂಗದ ಮೆಲುದನಿ ಜೋಗುಳದಂತೆ ಕೇಳಿಸುತ್ತಿತ್ತು. ಪಾಸ್ಟರು ಬಾಯಿ ತೆರೆದರೆ ಮಾವ ಕಣ್ಣು ಮುಚ್ಚುತ್ತಿದ್ದರು. ಅತ್ತೆ ಬೈದರೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಅಬ್ರಹಾಮನ ಜೊತೆ ದೇವ್ರು ಒಡಂಬಡಿಕೆ ಮಾಡ್ಕೊಂಡಾಗ ಅಬ್ರಹಾಮ ಏನ್ ಮಾಡ್ತಿದ್ದ, ಹೇಳು?"

"ಏನ್ ಮಾಡ್ತಿದ್ದ?"

"ಗಾಢನಿದ್ದೆ. ಪುಸ್ತಕದಲ್ಲೇ ಐತೆ. ಅವನು ಮಲಗಿದ್ದ, ದೇವ್ರೊಬ್ಬನೇ ಮಾತು ಕೊಟ್ಟ. ಒಂದು ಷರತ್ತಾದ್ರೂ ಹಾಕಿದ್ನಾ?"

"ಅಬ್ರಹಾಮ ಎದ್ದ ಮ್ಯಾಲೆ ಹೇಳಿದ ಕಡೆಗೆಲ್ಲ ನಡೆದ. ನೀವಿನ್ನೂ ಎದ್ದೇ ಇಲ್ಲ."

ಮನುಷ್ಯ ಮಾತು ಕೇಳದಿದ್ದರೂ ದೇವರು ಕೊಟ್ಟ ಮಾತು ನಿಲ್ಲುತ್ತದೆಯೆ ಎಂಬುದು ದೊಡ್ಡ ದೊಡ್ಡ ಪಂಡಿತರನ್ನು ಕಾಡಿದ ಪ್ರಶ್ನೆ. ನಮ್ಮ ಅತ್ತೆಯ ಮನೆಯಲ್ಲಿ ಅದನ್ನು ದಿನಾ ಕಾಫಿಯ ಜೊತೆ ವಿಚಾರಣೆಗೆ ಎತ್ತಿಕೊಳ್ಳಲಾಗುತ್ತಿತ್ತು. ಷರತ್ತಿಲ್ಲದ ವಾಗ್ದಾನ ಒಂದೇ ಒಂದು ಎಂದು ಅತ್ತೆ ಕೊನೆಗೂ ಒಪ್ಪಿದ್ದರು. ನೋಹನ ಪ್ರಳಯ ಇಳಿದ ಮೇಲೆ, ಇನ್ನೆಂದೂ ಲೋಕವನ್ನು ಮುಳುಗಿಸುವುದಿಲ್ಲವೆಂದು ದೇವರು ಕಾಮನಬಿಲ್ಲು ತೋರಿಸಿದ್ದು. "ಅದೊಂದು ಬುಡಿ. ಅದು ಮಳೆ ಇಲಾಖೆ."

ಸಂಡೇ ಸ್ಕೂಲಿನಲ್ಲೂ ಅವರದು ಇದೇ ಆಡಳಿತ. ಒಮ್ಮೆ ಚನ್ನಪಟ್ಟಣದಿಂದ ಒಂದು ಡಬ್ಬ ತುಂಬ ಬಣ್ಣದ ಬುಗುರಿ ತಂದರು. ಒಂದು ಗಂಟೆ ಅಲ್ಲಾಡದೆ ಕೂತ ಮಗುವಿಗೆ ಒಂದು ಬುಗುರಿ. ಯಾವ ಮಗು ಕೂರುತ್ತದೆ? ಬುಗುರಿಗಳು ಡಬ್ಬದಲ್ಲೇ ಉಳಿದವು. ಕೊನೆಗೊಂದು ಭಾನುವಾರ ಒಬ್ಬಳು ಪುಟಾಣಿ ಪೂರ್ತಿ ಒಂದು ಗಂಟೆ ಮಿಸುಕಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದಳು. ಅವಳ ಪರವಾಗಿ ಮಾವ ವಾದಿಸಲು ಬಂದರು. ಈ ವಿಷಯದಲ್ಲಿ ಅವರಷ್ಟು ಅನುಭವಿ ವಕೀಲರು ಇನ್ನೆಲ್ಲಿ ಸಿಗಬೇಕು? ಮಗು ಗೆದ್ದಿತು. ಮುಂದಿನ ವಾರ ತರಗತಿಗೆ ತರಗತಿಯೇ ಗೊರಕೆ ಹೊಡೆಯಿತು.

ಇಷ್ಟು ದಿನ ಇದೆಲ್ಲ ನಗುವ ವಿಷಯವಾಗಿತ್ತು. ಅತ್ತೆಯ ಒಬ್ಬಳೇ ಮಗಳು ಬಿಡದಿಯ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೇಲೆ ಅದು ಮನೆಯೊಳಗಿನ ವಿಷಯವಾಯಿತು.

ಆ ವರ್ಷಗಳಲ್ಲಿ ಬಿಡದಿಯ ಕಡೆ ರಾಗಿ ಹೊಲಗಳಿಗೆ ಕಾಂಪೌಂಡು ಏಳುತ್ತಿತ್ತು. ಬೆಳಗಾದರೆ ಕಂಪನಿ ಬಸ್ಸುಗಳು ಬೀದಿಬೀದಿಗೆ ಬಂದು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಒಂದೇ ಬಸ್ಸಿನಲ್ಲಿ ಎರಡು ವರ್ಷ ಓಡಾಡಿದ ಮೇಲೆ ಮಗಳು ಒಬ್ಬ ಹುಡುಗನನ್ನು ಮೆಚ್ಚಿದಳು. ಕನಕಪುರದ ಕಡೆಯವನು, ಕ್ರೈಸ್ತನೇ. ಆದರೆ ಕ್ಯಾಥೊಲಿಕ್. ನಾವು ಪ್ರಾಟೆಸ್ಟೆಂಟ್. ಪಕ್ಕದ ಮನೆಯ ಗೌಡರ ಹೆಂಗಸು ತಲೆ ಕೆರೆದುಕೊಂಡರು.

"ಅವ್ರೂ ಏಸು, ನೀವೂ ಏಸು. ಜಗಳ ಎಲ್ಲಿಂದ ಬಂತವ್ವಾ?"

"ನಿಂಗೆ ಗೊತ್ತಾಗಕಿಲ್ಲ, ಸುಮ್ಕಿರವ್ವ."

ಅತ್ತೆ ಮಗಳ ಮುಂದೆ ಕೂತು, ಮೋಶೆಯ ಕೈಗೆ ದೇವರು ಹತ್ತು ಆಜ್ಞೆಗಳ ಕಲ್ಲಿನ ಹಲಗೆ ಕೊಡುವಷ್ಟು ಗಂಭೀರವಾಗಿ ಹೇಳಿದರು. "ಅವನ್ನ ಬುಟ್ಟು ನನ್ ಮಾತು ಕೇಳಿದ್ರೆ ಮುಂದೆ ನಿಂತು ಮದುವೆ ಮಾಡ್ತೀನಿ. ಕೇಳ್ದೆ ಹೋದ್ರೆ, ನಿನ್ ಜೊತೆ ನನಗೆ ಮಾತಿಲ್ಲ."

ಮಗಳೂ ಅವರದೇ ರಕ್ತ. ಕನಕಪುರದಲ್ಲಿ ಮದುವೆಯಾಯಿತು. ಮಾವ ಮದುವೆಗೆ ಹೋದರು, ಎಲ್ಲರೂ ಬೆರಗಾಗುವಂತೆ ಪೂರ್ತಿ ಎಚ್ಚರವಾಗಿದ್ದರು. ಅತ್ತೆ ಹೋಗಲಿಲ್ಲ. ಆಮೇಲೆ ಮಾತೂ ಆಡಲಿಲ್ಲ. ಮಗಳು ಗಂಡನ ಜೊತೆ ಬಿಡದಿಯಲ್ಲೇ ಮನೆ ಮಾಡಿದಳು. ಫೋನು ಮಾಡಿದರೆ ಅತ್ತೆ ರಿಸೀವರನ್ನು ಮಾವನ ಕೈಗಿಟ್ಟು ಅಡಿಗೆಮನೆಗೆ ನಡೆಯುತ್ತಿದ್ದರು. ಮಾವ ಬೇಕೆಂದೇ ಗಟ್ಟಿಯಾಗಿ ಮಾತಾಡುತ್ತಿದ್ದರು. "ಏನವ್ವಾ, ಕ್ಯಾಂಟೀನ್ ಊಟ ಸೇರ್ತಿಲ್ವಾ? ಹೊಟ್ಟೆ ಕೆಡ್ತಾ?" ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗುತ್ತಿತ್ತು. ಅತ್ತೆ ಹೇಳಿದ್ದನ್ನು ಮಾಡುವವರು ಎಂಬುದು ಊರಿಗೇ ಗೊತ್ತಿತ್ತು. ಹೀಗೆ ಎಂಟು ತಿಂಗಳು ಕಳೆಯಿತು. ಈ ಸಲ ಅವರು ಸೋತರೆ ಸಾಕು ಎಂದು ನಾವೆಲ್ಲ ಆಸೆಪಡುತ್ತಿದ್ದೆವು.

ಒಂದು ಮಧ್ಯಾಹ್ನ ಕೆಲಸದ ಮೇಲೆ ಬಿಡದಿಗೆ ಹೋಗಿದ್ದೆ. ಆ ಕಾರ್ಖಾನೆಯ ಗೇಟಿನ ಬಳಿ ಒಬ್ಬ ಹೆಂಗಸು ಸೆಕ್ಯೂರಿಟಿಯವನ ಜೊತೆ ಜಗಳಕ್ಕೆ ನಿಂತಿದ್ದರು. ದನಿ ಪರಿಚಿತ.

"ದಿನಾ ಇರೋ ಯಜಮಾನ್ರು ಎಲ್ಲಿ? ಅವ್ರು ಈಸ್ಕೊಂಡು ಒಳಕ್ಕೆ ಕಳಿಸ್ತಿದ್ರು."

"ಅವ್ರು ರಜಾ ಕಣವ್ವಾ. ಹೊರಗಿನ ಡಬ್ಬಿ ನಾನು ಒಳಕ್ಕೆ ಬುಡಾಕಿಲ್ಲ. ಶಿಫ್ಟ್ ಬಿಡ್ತದೆ, ನೀವೇ ಕೈಗೆ ಕೊಡಿ."

"ನಾನು ಕೊಡಂಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ತಿರುಗಿದವರು ನನ್ನನ್ನು ಕಂಡರು. ಒಂದು ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ, ಇನ್ನೊಂದರಲ್ಲಿ ಬಸ್ ಟಿಕೆಟ್. ಡಬ್ಬಿಯನ್ನು ಸೆರಗಿನ ಮರೆಗೆ ಸರಿಸಿದರು. ಹಾಗೆ ಅತ್ತೆ ಏನನ್ನಾದರೂ ಅಡಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಷ್ಟು ದಿನದಿಂದ ಅತ್ತೆ?"

"ಮದುವೆ ಆದ್ ಮಾರನೇ ವಾರದಿಂದ. ವಾರಕ್ಕೆರಡು ದಿನ. ನಿಮ್ ಮಾವಂಗೆ ಹೇಳ್ಬೇಡ."

"ಅವಳು ನಿಮ್ಮ ಮಾತು ಕೇಳಲಿಲ್ಲವಲ್ಲ?"

"ಕೇಳ್ನಿಲ್ಲ. ಅದಕ್ಕೇ ಮಾತಾಡ್ತಿಲ್ಲ. ಅನ್ನ ಹಾಕಕಿಲ್ಲ ಅಂತ ನಾನು ಯಾವತ್ ಅಂದೆ?" ಅವರು ಡಬ್ಬಿಯನ್ನು ಸೆರಗಿನಿಂದ ಒರೆಸಿದರು. "ಇಸ್ರೇಲ್ ಜನ ಏನ್ ಮಾತು ಕೇಳಿದ್ರೇನೋ? ದೇವ್ರು ಮುನಿಸ್ಕೊಂಡು ನಲವತ್ತು ವರ್ಷ ಮರಳುಗಾಡಲ್ಲಿ ಅಲೆಸಿದ, ನಿಜ. ಬೆಳಿಗ್ಗೆ ಎದ್ ನೋಡಿದ್ರೆ ಅವನೇ ಸುರಿಸಿದ ಊಟ ಇರ್ತಿರ್ನಿಲ್ವಾ?"

ಅಷ್ಟರಲ್ಲಿ ಸೈರನ್ ಕೂಗಿತು. ನೀಲಿ ಸಮವಸ್ತ್ರದ ಹುಡುಗಿಯರು ಗುಂಪುಗುಂಪಾಗಿ ಹೊರಬಂದರು. ಅತ್ತೆ ನನ್ನ ಹಿಂದೆ ಸರಿಯಲು ನೋಡಿದರು. ನಾನು ತೆಳ್ಳಗಿನ ಮನುಷ್ಯ, ಪ್ರಯೋಜನವಾಗಲಿಲ್ಲ. ಮಗಳು ನೇರವಾಗಿ ನಮ್ಮತ್ತಲೇ ಬಂದು ನಿಂತಳು. ಅತ್ತೆ ಡಬ್ಬಿ ಚಾಚಿದರು. ಅವಳು ತೆಗೆದುಕೊಂಡಳು. ಇಬ್ಬರೂ ಡಬ್ಬಿಯನ್ನೇ ನೋಡುತ್ತ ನಿಂತರು. ಒಂದು ಬಸ್ಸು ತುಂಬಿ ಹೊರಟೂ ಹೋಯಿತು.

ಕೊನೆಗೆ ಬಾಯಿ ಬಿಟ್ಟವರು ಅತ್ತೆ.

"ಸಾರಿಗೆ ಉಪ್ಪು ಒಸಿ ಕಮ್ಮಿ ಆಗೈತೆ. ನೋಡ್ಕೊಂಡ್ ಹಾಕ್ಕೊ."

"ಮೊದ್ಲಿಂದ್ಲೂ ಕಮ್ಮಿನೇ ಇರ್ತದೆ ಕಣಮ್ಮ."

"ಎಂಟು ತಿಂಗಳಿಂದ ಸಪ್ಪೆ ತಿಂತಿದ್ಯಾ? ಒಂದ್ ಮಾತು ಹೇಳ್ಬಾರ್ದೇನೇ ನಂಗೆ?"