ಜೀಪು ಹತ್ತುವ ಭಾಗ್ಯ

ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಾಗ, ಇನ್‌ಸ್ಪೆಕ್ಟರ್ ತಮ್ಮ ಯೂನಿಫಾರ್ಮು ಒಯ್ಯಲು ಬಂದರೆಂದೇ ಇಸ್ತ್ರಿಯಣ್ಣ ತಿಳಿದ. ಅವರು ಒಂದು ಫೋಟೋ ಮುಂದೆ ಹಿಡಿದರು.

"ಇವಳು ಗೊತ್ತಾ?"

ಗೊತ್ತಿಲ್ಲದೆ ಏನು! ಎಷ್ಟೋ ತಿಂಗಳಿಂದ ಫೋನಿನಲ್ಲಿ "ಊಟ ಆಯ್ತಾ ರಾಜಾ?" ಎಂದು ಮೆಸೇಜು ಹಾಕುತ್ತಿದ್ದವಳು. ನಲವತ್ತು ದಾಟಿದರೂ ಹೆಣ್ಣು ಸಿಗಲಿಲ್ಲವೆಂದು ಬೀದಿಯೆಲ್ಲ ಆಡಿಕೊಳ್ಳುವಾಗ ಅವನನ್ನು ಮನುಷ್ಯನೆಂದು ಕಂಡವಳು ಅವಳೊಬ್ಬಳೇ.

"ನಮ್ಮವಳೇ ಸಾರ್," ಎಂದ, ಎದೆ ಸೆಟೆಸಿ.

"ಮೊನ್ನೆ ಕೊಲೆಯಾಗಿದ್ದಾಳೆ. ಆನ್‌ಲೈನಲ್ಲಿ ಸಿಕ್ಕ ಪ್ರೇಮಿ ಯಾರೋ ಮುಗಿಸಿದಾನೆ. ಇವಳ ಫೋಟೋ ಇರೋ ಖಾತೆಯಿಂದ ದಿನಾ ನಿಂಗೆ ಮೆಸೇಜು ಬಂದಿದೆ."

ಇಸ್ತ್ರಿಯಣ್ಣನಿಗೆ ಅಳು ಬಂತು. ಅಳುವಿನ ಬೆನ್ನಿಗೇ, ನಾಚಿಕೆಗೆಟ್ಟು, ಹೆಮ್ಮೆಯೂ ಬಂತು. ಅಷ್ಟರಲ್ಲಿ ಹೊರಗೆ ಬೀದಿಯೇ ನೆರೆದಿತ್ತು. "ನಮ್ಮ ಮೈದುನನಿಗೆ ಲವ್ವಾ!" ಎಂದು ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟಳು. ತನ್ನ ತಂಗಿಯನ್ನು ಕೊಡಲು ಒಪ್ಪದಿದ್ದ ಎದುರಂಗಡಿ ಟೈಲರ್ ಕೂಡ ಹೊಟ್ಟೆ ಉರಿದುಕೊಂಡು ನೋಡುತ್ತಿದ್ದ.

"ಕೊಂದಿಲ್ಲ ಸಾರ್. ಪ್ರೀತಿಸಿದ್ದು ಮಾತ್ರ ನಿಜ, ಬರ್ಕೊಳ್ಳಿ," ಎಂದು ಬೀದಿಗೆ ಕೇಳುವಂತೆ ಹೇಳಿ, ಗಿರಾಕಿಯೊಬ್ಬರ ಗರಿಗರಿ ಕೋಟು ತೊಟ್ಟು ಕೈ ಚಾಚಿದ. "ಕೋಳ ಹಾಕಿ. ಜೀಪು ಸ್ವಲ್ಪ ನಿಧಾನಕ್ಕೆ ಹೋಗ್ಲಿ."

ಆಗ ಪಕ್ಕದ ಕ್ಷೌರದಂಗಡಿಯವನು ಕೈತುಂಬ ಸೋಪಿನ ನೊರೆ ಹಿಡಿದೇ ಒಳಗೆ ನುಗ್ಗಿ, ಬಾಗಿಲು ಹಾಕಿ, ಇನ್‌ಸ್ಪೆಕ್ಟರ ಕಾಲಿಗೆ ಬಿದ್ದ.

"ಇವನನ್ನ ಬಿಟ್ಬಿಡಿ ಸಾರ್! ಮೆಸೇಜು ಹಾಕಿದ್ದು ನಾನು. ಫೋಟೋ ಎಲ್ಲೋ ನೆಟ್ಟಲ್ಲಿ ಸಿಕ್ತು. ತಮಾಷೆಗೆ ಶುರು ಮಾಡ್ದೆ. ಇವನು ಎಷ್ಟು ಖುಷಿಯಾಗಿದ್ದ ಅಂದ್ರೆ, ನಿಲ್ಸೋಕೆ ಮನಸ್ಸೇ ಬರ್ಲಿಲ್ಲ."

ಇಸ್ತ್ರಿಯಣ್ಣ ಕುಸಿದು ಕೂತ. "ಆ 'ರಾಜಾ' ಅಂದಿದ್ದು?"

"ನಾನೇ ಕಣೋ."

ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಕ್ಷೌರಿಕನಿಗೆ, "ನಡಿ, ಸ್ಟೇಷನ್ನಲ್ಲಿ ಹೇಳಿಕೆ ಕೊಡು," ಎಂದರು.

"ಸಾರ್, ಈ ವಿಷಯ ಮಾತ್ರ ಹೊರಗೆ ಬಿಡ್ಬೇಡಿ. ನನ್ನ ಮಾನ ಹೋಗುತ್ತೆ," ಎಂದು ಇಸ್ತ್ರಿಯಣ್ಣ ಗೋಗರೆದ. ಇಬ್ಬರೂ ಒಪ್ಪಿದರು.

ಬಾಗಿಲು ತೆರೆಯಿತು. ಕ್ಷೌರಿಕ ತಲೆ ತಗ್ಗಿಸಿಕೊಂಡು ಜೀಪು ಹತ್ತಿದ.

"ಅಯ್ಯೋ, ಅವಳ ಪ್ರೇಮಿ ಇವನಾ!"

"ನಾನು ಮೊದ್ಲೇ ಅಂದ್ಕೊಂಡಿದ್ದೆ. ಆ ಮೀಸೆ ನೋಡಿ!"

ಕಿಟಕಿಗಳಲ್ಲಿ ಇಣುಕುತ್ತಿದ್ದ ಹೆಂಗಸರನ್ನು ಕಂಡು ಕ್ಷೌರಿಕ ಮೆಲ್ಲಗೆ ತಲೆಯೆತ್ತಿದ. ಆಮೇಲೆ ಮೀಸೆ ತಿರುವಿದ. ಜೀಪು ಬೀದಿಯುದ್ದಕ್ಕೂ ಮೆರವಣಿಗೆಯಂತೆ ಹೋಯಿತು.

ಅತ್ತಿಗೆ ಮೈದುನನ ಕಡೆ ತಿರುಗಿದಳು. "ಅವಳು ಅವನವಳು. ನಡುವೆ ನಿಂದೇನು ಹಾರಾಟ?"

ನಿಜ ನಾಲಿಗೆಯ ತುದಿಗೆ ಬಂತು. ಇಸ್ತ್ರಿಯಣ್ಣ ಅದನ್ನು ನುಂಗಿಕೊಂಡ.

"ಹೌದತ್ತಿಗೆ," ಎಂದ, "ಅವಳು ಅವನವಳೇ."